ತೆನೆ ಹೇಳುವುದು, ಕಿಟಕಿ ಹೇಳುವುದು

ತೆನೆಗಳುಳ್ಳ ಹಾಳುಗೋಡೆಯೊಂದು ಕಣ್ಣಿಗೆ ಬಿದ್ದೊಡನೆ ಕಾಳಗದ ಕಥೆಯನ್ನು ಅರಸುವುದು ನಮ್ಮ ರೂಢಿ. ತರಗತಿಯಲ್ಲಿ ನಾನೂ ಬಹುಕಾಲ ಹಾಗೆಯೇ ಪಾಠ ಹೇಳಿದೆ. ಅದು ತಪ್ಪೆಂದು ನನಗೆ ಮನಗಾಣಿಸಿದ್ದು ಇಂಗ್ಲೆಂಡಿನ ಶ್ರಾಪ್‌ಶೈರ್ ಸೀಮೆಯ ಆಕ್ಟನ್ ಬರ್ನೆಲ್ ಎಂಬ ಹಳ್ಳಿಯ ಪಾಳುಮನೆ. ಕೆಂಪು ಮರಳುಗಲ್ಲಿನ ಆ ಕಟ್ಟಡವನ್ನು ಜನ ಕೋಟೆಯೆಂದೇ ಕರೆಯುತ್ತಾರೆ. ನಿಜವಾಗಿ ಅದು ಒಬ್ಬ ಮಂತ್ರಿಯ ಮನೆ.

ಆ ಮಂತ್ರಿ ರಾಬರ್ಟ್ ಬರ್ನೆಲ್. ಮೊದಲನೆಯ ಎಡ್ವರ್ಡ್ ದೊರೆಗೆ 1274ರಿಂದ ತನ್ನ ಮರಣದವರೆಗೆ, ಎಂದರೆ 1292ರವರೆಗೆ, ಚಾನ್ಸಲರ್ ಆಗಿದ್ದವನು. ಬಾತ್ ಮತ್ತು ವೆಲ್ಸ್ ಪೀಠದ ಬಿಷಪ್ಪನೂ ಹೌದು. ತನ್ನ ಮನೆತನದ ಊರಿನಲ್ಲಿ ಕಟ್ಟಿದ ಈ ಮನೆಗೆ ತೆನೆಗಳನ್ನಿಡಲು 1284ರಲ್ಲಿ ದೊರೆಯಿಂದ ಅನುಮತಿಪತ್ರ ಪಡೆದನು. ಇಂಥ ಪತ್ರ ರಕ್ಷಣೆಯ ಸಾಧನವೆಂಬುದಕ್ಕಿಂತ ರಾಜಾನುಗ್ರಹದ ಬಿರುದು ಎಂಬುದೇ ನನ್ನ ಅಭಿಮತ.

ಕಟ್ಟಡವೇ ಇದಕ್ಕೆ ಸಾಕ್ಷಿ. ಆಯತಾಕಾರದ ಮನೆ, ನಾಲ್ಕು ಮೂಲೆಗಳಲ್ಲಿ ನಾಲ್ಕು ಗೋಪುರ, ಗೋಡೆಯ ತುದಿಗೆ ತೆನೆ. ದೂರದಿಂದ ನೋಡಿದರೆ ದುರ್ಗವೇ ಸರಿ. ಆದರೆ ಮಹಡಿಯ ಹಜಾರಕ್ಕೆ ಬೆಳಕು ತರುವ ಕಿಟಕಿಗಳು ಎಷ್ಟು ವಿಶಾಲ! ಮುತ್ತಿಗೆಗೆ ಅಂಜುವವನು ಹೊರಗೋಡೆಯನ್ನು ಹೀಗೆ ತೆರೆದಿಡುವನೆ?

ವೇಲ್ಸ್‌ನ ಗಡಿ ದೂರವಿರಲಿಲ್ಲವಲ್ಲ ಎಂದು ಕೆಲವರು ಆಕ್ಷೇಪಿಸಬಹುದು. ಆದರೆ 1283ರ ವೇಳೆಗೆ ಅಲ್ಲಿನ ಯುದ್ಧ ಮುಗಿದಿತ್ತು. ಆ ವರ್ಷದ ಅಕ್ಟೋಬರಿನಲ್ಲಿ ದೊರೆ ಇದೇ ಹಳ್ಳಿಯಲ್ಲಿ ಬೀಡುಬಿಟ್ಟು ಹೊರಡಿಸಿದ ಕಾನೂನು ಶಸ್ತ್ರಾಸ್ತ್ರಗಳಿಗೆ ಸೇರಿದುದಲ್ಲ, ವರ್ತಕರ ಸಾಲಕ್ಕೆ ಸೇರಿದುದು. ಲಂಡನ್, ಯಾರ್ಕ್, ಬ್ರಿಸ್ಟಲ್ ನಗರಗಳ ಮೇಯರರ ಮುಂದೆ ಸಾಲವನ್ನು ನೋಂದಾಯಿಸಬಹುದು. ಗಡುವಿಗೆ ತೀರಿಸದವನ ಚರಸ್ವತ್ತನ್ನು ಮಾರಿ ವಸೂಲು ಮಾಡಬಹುದು. ‘ಆಕ್ಟನ್ ಬರ್ನೆಲ್ ಶಾಸನ’ವೆಂದೇ ಅದು ಪ್ರಸಿದ್ಧವಾಯಿತು. ಆ ಊರಿನ ಹೆಸರನ್ನು ಲೋಕಕ್ಕೆ ಒಯ್ದದ್ದು ತೆನೆಯಲ್ಲ, ಲೆಕ್ಕದ ಕಾಗದ.

ಹದಿನೈದನೆಯ ಶತಮಾನದ ಹೊತ್ತಿಗೆ ಮನೆ ಬರಿದಾಯಿತು. ಹದಿನೆಂಟನೆಯ ಶತಮಾನದಲ್ಲಿ ಬಿಷಪ್ಪನ ವೈಭವದ ಗೋಡೆಗಳ ನಡುವೆ ರೈತರ ದವಸ ತುಂಬಿತು. ಅದನ್ನು ಅವಮಾನವೆಂದು ನಾನು ಭಾವಿಸಲಾರೆ. ಕಟ್ಟಿದವನ ಗತ್ತಿಗೆ ಕಾಲ ಕೊಟ್ಟ ಸೌಮ್ಯವಾದ ಉತ್ತರವದು.

ಆದುದರಿಂದ ಅಧ್ಯಾಪಕಮಿತ್ರರಲ್ಲಿ ನನ್ನದೊಂದು ಬಿನ್ನಹ. ಮಕ್ಕಳನ್ನು ಹಾಳುಕಟ್ಟಡಗಳ ಮುಂದೆ ನಿಲ್ಲಿಸಿದಾಗ, ಇಲ್ಲಿ ಯಾರು ಯಾರನ್ನು ಗೆದ್ದರು ಎಂದಷ್ಟೇ ಕೇಳಬೇಡಿ. ಕಟ್ಟಿದವನು ಯಾರಿಗೆ ಅಂಜಿದ್ದನು, ಯಾರ ಕಣ್ಣಿಗೆ ದೊಡ್ಡವನಾಗಿ ಕಾಣಬಯಸಿದ್ದನು ಎಂದೂ ಕೇಳಿ. ತೆನೆಯನ್ನು ನೋಡಿದ ಮೇಲೆ ಕಿಟಕಿಯನ್ನೂ ನೋಡಲು ಕಲಿಸಿ. ಕಲ್ಲು ಸುಳ್ಳಾಡುವುದಿಲ್ಲ, ನಾವು ಅರ್ಧ ಕೇಳಿ ಎದ್ದುಬರುತ್ತೇವೆ, ಅಷ್ಟೆ.