12ರ ಹುಡುಗನಿಗೆ 16 ತುಂಬಿಸಿದ ಹಾಲಿವುಡ್

ಲೋಯಿಸ್ ಲೌರಿ ಅವರ ‘ದಿ ಗಿವರ್’ ಕಾದಂಬರಿಯ ಜೋನಸ್‌ಗೆ 12 ವರ್ಷ. ಫಿಲಿಪ್ ನಾಯ್ಸ್ 2014ರಲ್ಲಿ ಅದನ್ನು ತೆರೆಗೆ ತಂದಾಗ ಅವನಿಗೆ 16 ಆಗಿತ್ತು. ಚಿತ್ರ ಸೋತದ್ದು ಆ ನಾಲ್ಕು ವರ್ಷಗಳಲ್ಲೇ.

ಕಥೆ ನಡೆಯುವ ಊರಲ್ಲಿ ಹಸಿವಿಲ್ಲ, ಜಗಳವಿಲ್ಲ, ಬಣ್ಣವೂ ಇಲ್ಲ. ಯಾರು ಯಾವ ಕೆಲಸ ಮಾಡಬೇಕೆಂದು ಹಿರಿಯರೇ ಗೊತ್ತುಮಾಡುತ್ತಾರೆ. ಹಳೆಯ ಲೋಕದ ನೆನಪೆಲ್ಲ ಒಬ್ಬ ಮುದುಕನ ಬಳಿ ಮಾತ್ರ. ಅದನ್ನು ಹೊರಲು ಜೋನಸ್ ಆಯ್ಕೆಯಾಗುತ್ತಾನೆ. ಬಣ್ಣವಿಲ್ಲದ ಸಂಗತಿಯನ್ನು ಲೌರಿ ಬಹಳ ಹೊತ್ತು ಬಿಟ್ಟುಕೊಡುವುದಿಲ್ಲ. ಗೆಳೆಯನೊಂದಿಗೆ ಎಸೆದಾಡುತ್ತಿದ್ದ ಸೇಬು ಗಾಳಿಯಲ್ಲಿ ಒಂದು ಕ್ಷಣ ಬೇರೆಯಾಗಿ ಕಂಡಿತು, ಅಷ್ಟೆ. ಅದು ಕೆಂಪು ಎಂದು ಆಮೇಲೆ ತಿಳಿದಾಗ ಓದುವ ಮಗು ಬೆಚ್ಚುತ್ತದೆ. ಸಿನಿಮಾ ಕಪ್ಪು-ಬಿಳುಪಿನಲ್ಲೇ ಶುರುವಾಗುತ್ತದೆ. ನೋಡಲು ಚೆಂದವೇ, ಆದರೆ ಗುಟ್ಟು ಅಲ್ಲೇ ರಟ್ಟು.

2012ರಲ್ಲಿ ‘ದಿ ಹಂಗರ್ ಗೇಮ್ಸ್’ ಚಿತ್ರ ಗೆದ್ದ ಮೇಲೆ ಇಂಥ ಕಥೆಗಳಿಗೆ ಪ್ರೇಮ ಮತ್ತು ಓಟ ಬೇಕೇಬೇಕು ಎಂಬಂತಾಯಿತು. ಇಲ್ಲೂ ಜೋನಸ್ ಗೆಳತಿ ಫಿಯೋನಾಗೆ ಮುತ್ತಿಡುತ್ತಾನೆ. ಪುಸ್ತಕದಲ್ಲಿ ಆಟೋಟದ ಹೊಣೆ ಹೊರುವ ಆಶರ್, ತೆರೆಯ ಮೇಲೆ ಡ್ರೋನ್ ಹಾರಿಸಿ ಗೆಳೆಯನ ಬೆನ್ನಟ್ಟುತ್ತಾನೆ.

ಮುದುಕನಾಗಿ ನಟಿಸಿದ ಜೆಫ್ ಬ್ರಿಜಸ್ ಮಾತ್ರ ಮನಸ್ಸಿನಲ್ಲಿ ಉಳಿಯುತ್ತಾರೆ. ಸುಮಾರು ಎರಡು ದಶಕ ಈ ಚಿತ್ರಕ್ಕಾಗಿ ಹೆಣಗಿದವರು ಅವರು. ಮುದುಕನ ಪಾತ್ರವನ್ನು ತಂದೆ ಲಾಯ್ಡ್ ಬ್ರಿಜಸ್ ಮಾಡಲಿ ಎಂಬ ಆಸೆ ಇತ್ತು. ತಂದೆ 1998ರಲ್ಲಿ ತೀರಿಕೊಂಡರು. ಕೊನೆಗೆ ಮಗನೇ ಆ ಕುರ್ಚಿಯಲ್ಲಿ ಕೂತರು.

ಒಂದು ದೃಶ್ಯವನ್ನಂತೂ ಮರೆಯಲಾಗದು. ಅವಳಿ ಕೂಸುಗಳನ್ನು ತೂಗಿ ನೋಡುವ ಜೋನಸ್‌ನ ಅಪ್ಪ, ಹಗುರಾಗಿದ್ದ ಕೂಸಿನ ತಲೆಯ ನರಕ್ಕೆ ಸೂಜಿ ಚುಚ್ಚುತ್ತಾನೆ. ದನಿಯಲ್ಲಿ ಮುದ್ದು, ಮುಖದಲ್ಲಿ ನಗು. ತಾನು ಕೊಲ್ಲುತ್ತಿದ್ದೇನೆಂಬ ಅರಿವೇ ಅವನಿಗಿಲ್ಲ. ನೋಡುತ್ತಿರುವವನು 16ರ ಯುವಕನಾದರೆ ಸಿಟ್ಟಿಗೆದ್ದು ಬಂಡೇಳುವುದು ಸಹಜ. ರಾತ್ರಿ ಅದೇ ಅಪ್ಪನ ಮನೆಗೆ ಮರಳಲಾರೆ ಎಂದು ಅಳುವ 12ರ ಮಗುವಿನ ಸಂಕಟವೇ ಬೇರೆ. ಕಾದಂಬರಿಯ ಜೀವ ಇರುವುದು ಆ ಸಂಕಟದಲ್ಲಿ.

ಇಷ್ಟು ಕಠೋರವಾದುದನ್ನು ಮಕ್ಕಳು ತಾಳಲಾರರು ಎನ್ನುವವರಿದ್ದಾರೆ. ಅಮೆರಿಕದ ಎಷ್ಟೋ ಶಾಲೆಗಳಲ್ಲಿ ಈ ಪುಸ್ತಕದ ವಿರುದ್ಧ ಪೋಷಕರು ದೂರು ಕೊಟ್ಟದ್ದೂ ಉಂಟು. ಆದರೆ ಮಕ್ಕಳ ಸಾಹಿತ್ಯಕ್ಕೆ ಅಲ್ಲಿನ ಗ್ರಂಥಪಾಲಕರು ಕೊಡುವ ನ್ಯೂಬೆರಿ ಪದಕ 1994ರಲ್ಲಿ ಸಂದದ್ದೂ ಇದಕ್ಕೇ. ಮಕ್ಕಳ ತಾಳಿಕೆಯ ಮೇಲೆ ಲೌರಿಗೆ ಇದ್ದ ನಂಬಿಕೆ ಚಿತ್ರ ಮಾಡಿದವರಿಗೆ ಇರಲಿಲ್ಲ.

ಮನೆಯಲ್ಲಿ ಆ ವಯಸ್ಸಿನ ಮಗುವಿದ್ದರೆ ಮೊದಲು ಪುಸ್ತಕ ಕೊಡಿ. ಸಿನಿಮಾ ಆಮೇಲೆ ನೋಡಿದರಾಯಿತು.