ಹಾಜರಿ ಲೆಕ್ಕಕ್ಕಾಗಿ ಬರೆದ ಉದ್ಯೋಗ ಯೋಜನೆ

‘ದುಡ್ಡು ಕೊಡಿ, ಬೇಡ ಅನ್ನುವುದಿಲ್ಲ. ಆದರೆ ಸುಮ್ಮನೆ ಕೊಡಬೇಡಿ, ಕೆಲಸಕ್ಕೆ ಹಚ್ಚಿ ಕೊಡಿ.’ 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ, ಹೆಂಗಸರಿಗೆ ತಿಂಗಳಿಗೆ 2,000 ರೂಪಾಯಿ ಕೊಡುವ ಗೃಹಲಕ್ಷ್ಮಿ ಯೋಜನೆಗೆ ಚಾಲನೆ ಸಿಕ್ಕಾಗಿನಿಂದ ಈ ಮಾತು ನಿಂತಿಲ್ಲ. ತೋಟಕ್ಕೆ ಆಳು ಸಿಗುತ್ತಿಲ್ಲ ಎನ್ನುವವರು ಹೇಳುತ್ತಾರೆ, ಟೀವಿ ಚರ್ಚೆಗೆ ಬರುವ ಪಂಡಿತರೂ ಹೇಳುತ್ತಾರೆ. 2025ರ ಫೆಬ್ರವರಿಯಲ್ಲಿ ನಗರದ ವಸತಿಹೀನರ ಪ್ರಕರಣ ಆಲಿಸುತ್ತಿದ್ದ ಸುಪ್ರೀಂ ಕೋರ್ಟ್ ಪೀಠವೊಂದು, ಉಚಿತ ಕೊಡುಗೆಗಳಿಂದಾಗಿ ಜನ ದುಡಿಯಲು ಮುಂದಾಗುತ್ತಿಲ್ಲ ಎಂಬರ್ಥದ ಮಾತಾಡಿತು. ಅಂದಿನಿಂದ ಈ ವಾದ ಇನ್ನಷ್ಟು ಗಟ್ಟಿ ದನಿಯಲ್ಲಿ ಕೇಳಿಬರುತ್ತಿದೆ.

ಹೀಗೆ ವಾದಿಸುವವರು ಅಮೆರಿಕದ ಕಥೆಯನ್ನು ಒಮ್ಮೆ ಪೂರ್ತಿ ಓದಬೇಕು. ಮಕ್ಕಳಿರುವ ಬಡ ತಾಯಂದಿರಿಗೆ ಸರ್ಕಾರದ ನೆರವು ಬೇಕಿದ್ದರೆ ಕೆಲಸದ ಷರತ್ತು ಒಪ್ಪಲೇಬೇಕು ಎಂದು ಆ ದೇಶ ಕಾನೂನು ಮಾಡಿ ಮೂರು ದಶಕಗಳಾಗುತ್ತಿವೆ. 1935ರಿಂದ ಇದ್ದ ಮಕ್ಕಳ ನೆರವಿನ ವ್ಯವಸ್ಥೆಯನ್ನು ಕಿತ್ತುಹಾಕಿದ ಕಾಯ್ದೆಗೆ ಅಧ್ಯಕ್ಷ ಬಿಲ್ ಕ್ಲಿಂಟನ್ 1996ರ ಆಗಸ್ಟ್ 22ರಂದು ಸಹಿ ಹಾಕಿದರು. ಆ ಜಾಗಕ್ಕೆ ಬಂದದ್ದು ಟ್ಯಾನ್‌ಫ್, ಅಂದರೆ ಬಡ ಕುಟುಂಬಗಳಿಗೆ ತಾತ್ಕಾಲಿಕ ನೆರವು. ಒಕ್ಕೂಟ ಸರ್ಕಾರದ ಹಣದಲ್ಲಿ ಜೀವಮಾನದಲ್ಲಿ 60 ತಿಂಗಳು ಮಾತ್ರ. ಕ್ಲಿಂಟನ್ ಸರ್ಕಾರದಲ್ಲೇ ಉನ್ನತ ಹುದ್ದೆಯಲ್ಲಿದ್ದ ಪೀಟರ್ ಎಡಲ್‌ಮನ್ ಇದನ್ನು ಪ್ರತಿಭಟಿಸಿ ರಾಜೀನಾಮೆ ಕೊಟ್ಟು ಹೊರನಡೆದರು.

ಆ ಕಾಯ್ದೆಯಲ್ಲಿ ಒಳ್ಳೆಯ ಅಂಶವೊಂದಿದೆ. ನೆರವು ಕೇಳಿ ಬಂದ ಪ್ರತಿ ವಯಸ್ಕರ ಕೌಶಲವೇನು, ಹಿಂದೆ ಯಾವ ಕೆಲಸ ಮಾಡಿದ್ದಾರೆ, ಈಗ ಕೆಲಸಕ್ಕೆ ಎಷ್ಟು ಸಿದ್ಧರಿದ್ದಾರೆ ಎಂದು ಸಿಬ್ಬಂದಿ ಮೊದಲು ಅಂದಾಜು ಮಾಡಬೇಕು. ಅದರ ಮೇಲೆ ಆ ವ್ಯಕ್ತಿಗೆಂದೇ ಒಂದು ಯೋಜನೆ ಬರೆಯಬಹುದು. ಇದಕ್ಕೆ ನನ್ನ ತಕರಾರಿಲ್ಲ. ಎದುರಿಗೆ ಕುಳಿತ ತಾಯಿಯ ಮಾತನ್ನು ಯಾರಾದರೂ ಗಮನವಿಟ್ಟು ಕೇಳಿ, ಏನು ಕಲಿಸಬೇಕು, ಮಗುವನ್ನು ಯಾರು ನೋಡಿಕೊಳ್ಳಬೇಕು, ಯಾವ ಬಸ್ಸು ಹಿಡಿಯಬೇಕು ಎಂದು ಜೊತೆಗೆ ಕೂತು ಯೋಚಿಸಿದರೆ ಅದಕ್ಕಿಂತ ದೊಡ್ಡ ನೆರವಿಲ್ಲ.

ಕೆಟ್ಟದ್ದು ಶುರುವಾಗುವುದು ಅದರ ಪಕ್ಕದ ಇನ್ನೊಂದು ನಿಯಮದಲ್ಲಿ. ನೆರವು ಪಡೆಯುವ ಕುಟುಂಬಗಳಲ್ಲಿ ಶೇ 50ರಷ್ಟು, ತಂದೆ ತಾಯಿ ಇಬ್ಬರೂ ಇರುವ ಕುಟುಂಬಗಳಲ್ಲಿ ಶೇ 90ರಷ್ಟು, ‘ಕೆಲಸದ ಚಟುವಟಿಕೆ’ಯಲ್ಲಿ ತೊಡಗಿವೆ ಎಂದು ರಾಜ್ಯ ಲೆಕ್ಕ ತೋರಿಸಬೇಕು. ತೋರಿಸದಿದ್ದರೆ ಅದರ ಅನುದಾನಕ್ಕೆ ಕತ್ತರಿ. ಒಂಟಿ ತಾಯಿಯಾದರೆ ವಾರಕ್ಕೆ 30 ಗಂಟೆ, ಆರು ವರ್ಷದೊಳಗಿನ ಮಗುವಿದ್ದರೆ 20 ಗಂಟೆ. ಯಾವ ಗಂಟೆ ಲೆಕ್ಕಕ್ಕೆ ಸೇರುತ್ತದೆ, ಯಾವುದು ಸೇರುವುದಿಲ್ಲ ಎಂದು ಕಾನೂನೇ ಪಟ್ಟಿ ಮಾಡಿದೆ.

ಈ ಪಟ್ಟಿಯನ್ನು ಹಿಡಿದು ಒಬ್ಬ ತಾಯಿಯ ಯೋಜನೆ ಬರೆಯಲು ಕುಳಿತುಕೊಳ್ಳಿ. ಗಂಡ ಬಿಟ್ಟುಹೋದ ಮೇಲೆ ಆಕೆ ಖಿನ್ನತೆಯಿಂದ ನರಳುತ್ತಿದ್ದಾಳೆ, ವರ್ಷವಾದರೂ ಚಿಕಿತ್ಸೆ ಬೇಕು ಎಂದು ಅಂದಾಜಿನಲ್ಲಿ ತಿಳಿಯಿತು ಎನ್ನೋಣ. ಚಿಕಿತ್ಸೆಯ ಗಂಟೆಗಳನ್ನು ಕೆಲಸ ಹುಡುಕುವ ಗಂಟೆಗಳ ಜೊತೆ ಒಂದೇ ಕಂತೆಗೆ ಹಾಕಿದ್ದಾರೆ. ಆ ಕಂತೆಗೆ ಸಾಮಾನ್ಯವಾಗಿ ವರ್ಷಕ್ಕೆ ಆರು ವಾರಗಳ ಮಿತಿ, ಅದರಲ್ಲೂ ಒಂದೇ ಸಮನೆ ನಾಲ್ಕು ವಾರ ದಾಟುವಂತಿಲ್ಲ. ಆಮೇಲೂ ಆಕೆ ವೈದ್ಯರ ಬಳಿಗೆ ಹೋಗಬಹುದು, ಆದರೆ ಆ ಗಂಟೆಗಳು ರಾಜ್ಯಕ್ಕೆ ಉಪಯೋಗವಿಲ್ಲ. ಇನ್ನೊಬ್ಬಾಕೆಗೆ ಓದಿನಲ್ಲಿ ಚುರುಕು ಬುದ್ಧಿ, ಎರಡು ವರ್ಷದ ನರ್ಸಿಂಗ್ ಕೋರ್ಸ್ ಮುಗಿಸಿದರೆ ಮತ್ತೆಂದೂ ಸರ್ಕಾರದ ಕಚೇರಿಯ ಮೆಟ್ಟಿಲು ಹತ್ತಬೇಕಿಲ್ಲ. ಆದರೆ ವೃತ್ತಿಶಿಕ್ಷಣ ಪೂರ್ಣ ಚಟುವಟಿಕೆಯಾಗಿ ಲೆಕ್ಕಕ್ಕೆ ಬರುವುದು ಇಡೀ ಜೀವಮಾನದಲ್ಲಿ 12 ತಿಂಗಳು ಮಾತ್ರ. ಎರಡನೇ ವರ್ಷ ಆಕೆ ಪಾಠವನ್ನೂ ಓದಬೇಕು, ಅದರ ಮೇಲೆ 20 ಗಂಟೆ ಬೇರೆ ದುಡಿಮೆಯನ್ನೂ ತೋರಿಸಬೇಕು, ರಾತ್ರಿ ಮಗುವನ್ನೂ ಮಲಗಿಸಬೇಕು.

ಯೋಜನೆ ಬರೆಯುವ ಸಿಬ್ಬಂದಿ ಕೆಟ್ಟವರಲ್ಲ. ಅವರ ಮುಂದೆ ನೂರಾರು ಕಡತ, ತಲೆಯ ಮೇಲೆ ಶೇಕಡಾವಾರು ಗುರಿ. ಹಾಗಾಗಿ ತಾಯಿಗೆ ಏನು ಬೇಕು ಎಂಬುದರಿಂದ ಹೊರಟು ಯೋಜನೆಗೆ ತಲುಪುವ ಬದಲು, ಯಾವ ಗಂಟೆ ಎಣಿಕೆಗೆ ಸಿಗುತ್ತದೆ ಎಂಬುದರಿಂದ ಹೊರಟು ತಾಯಿಯನ್ನು ಅದರೊಳಗೆ ತುರುಕುತ್ತಾರೆ. ಅಂದಾಜಿನಲ್ಲಿ ತಿಳಿದದ್ದು ಕಡತದ ಒಳಪುಟದಲ್ಲೇ ಉಳಿಯುತ್ತದೆ. ಆಕೆಗೆ ಸಿಗುವುದು ಅಂಗಡಿಯಲ್ಲಿ ವಾರಕ್ಕೊಂದು ಪಾಳಿ ಬದಲಾಗುವ ಕೆಲಸ, ಬೆಳಿಗ್ಗೆ ಆರಕ್ಕೆ ಬಾ ಎಂದು ಹಿಂದಿನ ರಾತ್ರಿ ಬರುವ ಫೋನು, ಆ ಹೊತ್ತಿಗೆ ಬಾಗಿಲು ತೆರೆಯದ ಡೇ ಕೇರ್. ಅಮೆರಿಕದಲ್ಲಿ ಒಕ್ಕೂಟದ ನಿಯಮದ ಪ್ರಕಾರ ಶಿಶುಪಾಲನೆಯ ಸಹಾಯಧನಕ್ಕೆ ಅರ್ಹರಾದ ಮಕ್ಕಳಲ್ಲಿ ಅದು ತಲುಪುವುದು ಸುಮಾರು ಆರರಲ್ಲಿ ಒಂದು ಮಗುವಿಗೆ. ಡೇ ಕೇರ್ ಸಿಗದಿದ್ದರೆ ಆರು ವರ್ಷದೊಳಗಿನ ಮಗುವಿನ ಒಂಟಿ ತಾಯಿಯ ನೆರವು ಕಡಿತ ಮಾಡಬಾರದು ಎಂದು ಕಾನೂನಿನಲ್ಲಿದೆ. ಸಿಗಲಿಲ್ಲ ಎಂದು ಸಾಬೀತು ಮಾಡುವ ಹೊಣೆ ಮಾತ್ರ ಆಕೆಯದೇ.

ಇದಕ್ಕಿಂತ ಕ್ರೂರವಾದ ಲೆಕ್ಕ ಇನ್ನೊಂದಿದೆ. ನೆರವು ಪಡೆಯುವವರ ಸಂಖ್ಯೆ ಒಂದು ಆಧಾರ ವರ್ಷಕ್ಕಿಂತ ಎಷ್ಟು ಶೇಕಡ ಇಳಿಯಿತೋ ಅಷ್ಟು ರಿಯಾಯಿತಿ ರಾಜ್ಯದ ಗುರಿಯಲ್ಲಿ ಸಿಗುತ್ತದೆ. ಅರ್ಹತೆಯ ನಿಯಮ ಬಿಗಿ ಮಾಡಿದ್ದರಿಂದ ಆದ ಇಳಿಕೆಯನ್ನು ಬಿಟ್ಟರೆ, ಆ ಕುಟುಂಬಗಳು ಏಕೆ ಹೊರಟುಹೋದವು ಎಂದು ಯಾರೂ ಕೇಳುವುದಿಲ್ಲ. ಒಳ್ಳೆಯ ಕೆಲಸ ಸಿಕ್ಕಿ ಹೋದ ತಾಯಿಯೂ ಒಂದೇ, ಅಪಾಯಿಂಟ್‌ಮೆಂಟ್ ತಪ್ಪಿ ಹೆಸರು ಕಳೆದುಕೊಂಡು ತಂಗಿಯ ಮನೆಯ ಹಾಲ್‌ನಲ್ಲಿ ಮಕ್ಕಳನ್ನು ಮಲಗಿಸುವ ತಾಯಿಯೂ ಒಂದೇ. ಇಂಥ ನಿಯಮ ಬರೆದಮೇಲೆ ಫಲವೂ ಅದರಂತೆಯೇ ಬಂತು. 1996ರಲ್ಲಿ ಮಕ್ಕಳಿರುವ ನೂರು ಬಡ ಕುಟುಂಬಗಳ ಪೈಕಿ 68ಕ್ಕೆ ಈ ನೆರವು ತಲುಪುತ್ತಿತ್ತು. 2020ರ ಹೊತ್ತಿಗೆ ತಲುಪಿದ್ದು 21ಕ್ಕೆ.

ಉಳಿದ ಹಣ ಎಲ್ಲಿ ಹೋಯಿತು? ವರ್ಷಕ್ಕೆ ಸುಮಾರು 1,650 ಕೋಟಿ ಡಾಲರ್‌ನ ಇಡಿಗಂಟಿನ ದೊಡ್ಡ ಪಾಲನ್ನು ರಾಜ್ಯಗಳು ಬೇರೆ ಬೇರೆ ಬಾಬ್ತಿಗೆ ತಿರುಗಿಸಿಕೊಂಡವು. ಮೂವರ ಕುಟುಂಬಕ್ಕೆ ತಿಂಗಳಿಗೆ ಹೆಚ್ಚೆಂದರೆ 170 ಡಾಲರ್ ಕೊಡುತ್ತಿದ್ದ ಮಿಸಿಸಿಪಿಯಲ್ಲಿ ಇದೇ ಹಣ ವಿಶ್ವವಿದ್ಯಾಲಯದ ವಾಲಿಬಾಲ್ ಕ್ರೀಡಾಂಗಣಕ್ಕೆ ಹೋಗಿದ್ದು 2020ರಲ್ಲಿ ಬಯಲಾಯಿತು. ಬಡ ತಾಯಿಯ 20 ಗಂಟೆಯನ್ನು ನಿಮಿಷ ನಿಮಿಷವಾಗಿ ಎಣಿಸುತ್ತಿದ್ದ ವ್ಯವಸ್ಥೆಗೆ ಕೋಟಿಗಟ್ಟಲೆ ಡಾಲರ್ ಹಾದುಹೋಗಿದ್ದು ವರ್ಷಗಟ್ಟಲೆ ಕಾಣಲಿಲ್ಲ. ಇದನ್ನು ಓದಿ ಸಿಟ್ಟು ಬರದವರು ಯಾರು?

ಷರತ್ತಿನ ಪರ ಇರುವವರು ಒಂದು ಉತ್ತರ ಕೊಡುತ್ತಾರೆ. ತೊಂಬತ್ತರ ದಶಕದ ಕೊನೆಯಲ್ಲಿ ಒಂಟಿ ತಾಯಂದಿರು ದೊಡ್ಡ ಸಂಖ್ಯೆಯಲ್ಲಿ ಕೆಲಸಕ್ಕೆ ಸೇರಿದರಲ್ಲ ಎನ್ನುತ್ತಾರೆ. ಸೇರಿದ್ದು ನಿಜ. ಆದರೆ 1993ರಲ್ಲಿ ದುಡಿಯುವ ಬಡವರ ತೆರಿಗೆ ರಿಯಾಯಿತಿಯನ್ನು ದೊಡ್ಡದಾಗಿ ಹಿಗ್ಗಿಸಲಾಗಿತ್ತು, 2000ದ ಹೊತ್ತಿಗೆ ನಿರುದ್ಯೋಗ ಶೇ 4ಕ್ಕೆ ಇಳಿದಿತ್ತು. ಕೆಲಸವೇ ಮನೆಬಾಗಿಲಿಗೆ ಬಂದ ಕಾಲ ಅದು. ಅದೇ ದಶಕದ ಪ್ರಯೋಗಗಳನ್ನು ಹೋಲಿಸಿ ನೋಡಿದ ಅಧ್ಯಯನದಲ್ಲಿ ಹನ್ನೊಂದು ಕಾರ್ಯಕ್ರಮಗಳ ಪೈಕಿ ಮುಂದೆ ನಿಂತದ್ದು ಆರೆಗನ್ ರಾಜ್ಯದ ಪೋರ್ಟ್‌ಲ್ಯಾಂಡ್. ಸಿಕ್ಕ ಮೊದಲ ಕೆಲಸಕ್ಕೆ ತಳ್ಳದೆ, ಕನಿಷ್ಠ ಕೂಲಿಗಿಂತ ಹೆಚ್ಚು ಸಂಬಳದ, ಸೌಲಭ್ಯವಿರುವ ಕೆಲಸಕ್ಕೆ ಕಾಯಿರಿ, ಬೇಕಿದ್ದರೆ ಒಂದಿಷ್ಟು ಕಲಿಯಿರಿ ಎಂದು ಅಲ್ಲಿ ಹೇಳುತ್ತಿದ್ದರು. ಮಿನೆಸೋಟ ರಾಜ್ಯದ ಪ್ರಯೋಗದಲ್ಲಿ ತಾಯಿ ಕೆಲಸಕ್ಕೆ ಸೇರಿದ ಮೇಲೂ ನೆರವಿನ ಒಂದು ಪಾಲನ್ನು ಮುಂದುವರಿಸಿದರು. ಅಲ್ಲಿ ದುಡಿಮೆಯೂ ಹೆಚ್ಚಿತು, ಬಡತನವೂ ಇಳಿಯಿತು, ಮಕ್ಕಳ ನಡತೆ ಮತ್ತು ಶಾಲೆಯ ಕಲಿಕೆಯೂ ಸುಧಾರಿಸಿತು.

ಷರತ್ತೇ ಇಲ್ಲದೆ ಕೊಟ್ಟರೆ ಏನಾಗುತ್ತದೆ ಎಂಬುದನ್ನೂ ಅಮೆರಿಕ ಒಮ್ಮೆ ನೋಡಿತು. 2021ರ ಜುಲೈನಿಂದ ಡಿಸೆಂಬರ್‌ವರೆಗೆ ಮಕ್ಕಳಿರುವ ಬಹುತೇಕ ಮನೆಗಳಿಗೆ ಮಕ್ಕಳ ತೆರಿಗೆ ರಿಯಾಯಿತಿಯ ಹಣ ತಿಂಗಳು ತಿಂಗಳು ಬಂತು. ಕೆಲಸದ ದಾಖಲೆ ಯಾರೂ ಕೇಳಲಿಲ್ಲ. ಕೋವಿಡ್ ಕಾಲದ ಇತರ ನೆರವೂ ಜೊತೆಗಿದ್ದ ಆ ವರ್ಷ, ಸರ್ಕಾರಿ ನೆರವನ್ನೂ ಲೆಕ್ಕಕ್ಕೆ ಹಿಡಿಯುವ ಪೂರಕ ಅಳತೆಯಲ್ಲಿ, ಮಕ್ಕಳ ಬಡತನ ಶೇ 5.2ಕ್ಕೆ ಇಳಿಯಿತು. ಆ ನೆರವು ನಿಂತ ಮರುವರ್ಷ ಶೇ 12.4ಕ್ಕೆ ಏರಿತು.

ಈಗ ನಮ್ಮ ಮಾತಿಗೆ ಬರೋಣ. ಗೃಹಲಕ್ಷ್ಮಿಯ ತಿಂಗಳಿಗೆ 2,000 ರೂಪಾಯಿಯಿಂದ ಹೆಂಗಸರು ಸೋಮಾರಿಗಳಾದರು ಎನ್ನುವವರು 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯನ್ನು ತೆರೆದು ನೋಡಲಿ. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸು ಆಗ ದಿನಕ್ಕೆ ಅದಕ್ಕೆ ಕೊಡುತ್ತಿದ್ದುದು 299 ನಿಮಿಷ, ಗಂಡಸು 97 ನಿಮಿಷ. ಮುಸುರೆ, ನೀರು, ಒಲೆ, ಮುದುಕರ ಔಷಧಿ, ಕೂಸಿನ ಜ್ವರ ಇವೆಲ್ಲ ಆಕೆಯ ಪಾಲಿಗೇ ಬಿದ್ದಿರುವಾಗ ಆಕೆ ಕೆಲಸಕ್ಕೆ ಸಿದ್ಧಳಿದ್ದಾಳೆಯೇ ಎಂದು ಪರೀಕ್ಷೆ ಇಡಲು ಹೊರಡುವುದು ಅನ್ಯಾಯ.

ಪರೀಕ್ಷೆ ಇಡಲೇಬೇಕಿದ್ದರೆ ಸರ್ಕಾರಕ್ಕೂ ಕೆಲಸ ಕೊಡುವವರಿಗೂ ಇಡಿ. 30ಕ್ಕಿಂತ ಹೆಚ್ಚು ಹೆಂಗಸರು ದುಡಿಯುವಲ್ಲಿ ಶಿಶುಪಾಲನಾ ಕೊಠಡಿ ಇರಬೇಕು ಎಂದು 1948ರ ಕಾರ್ಖಾನೆ ಕಾಯ್ದೆಯೇ ಬರೆದಿತ್ತು. 50ಕ್ಕಿಂತ ಹೆಚ್ಚು ಹೆಂಗಸರಿರುವ ಕಾಮಗಾರಿಗಳಿಗೆ 1996ರ ಕಟ್ಟಡ ಕಾರ್ಮಿಕರ ಕಾಯ್ದೆಯೂ ಹೀಗೆಯೇ ಬರೆಯಿತು. ಕೆಲಸದ ಜಾಗಕ್ಕೆ ಐದು ಅಥವಾ ಅದಕ್ಕಿಂತ ಹೆಚ್ಚು ಚಿಕ್ಕ ಮಕ್ಕಳು ಬಂದರೆ ಅವರನ್ನು ನೋಡಿಕೊಳ್ಳಲು ಒಬ್ಬಾಕೆಯನ್ನು ನೇಮಿಸಿ ಎಂದು 2005ರ ಉದ್ಯೋಗ ಖಾತರಿ ಕಾಯ್ದೆಯಲ್ಲಿತ್ತು. ಬೆಂಗಳೂರಿನ ಎಷ್ಟು ಗಾರ್ಮೆಂಟ್ಸ್‌ಗಳಲ್ಲಿ ಆ ಕೊಠಡಿ ನಿಜಕ್ಕೂ ತೆರೆದಿದೆ, ಪಾಳಿ ಶುರುವಾಗುವ ಮೊದಲೇ ಅಲ್ಲಿ ಆಯಾ ಬಂದಿರುತ್ತಾಳೆಯೇ ಎಂದು ಕಾರ್ಮಿಕ ಇಲಾಖೆ ಕಾರ್ಖಾನೆವಾರು ಪಟ್ಟಿ ಪ್ರಕಟಿಸಲಿ. ಕರ್ನಾಟಕ ಗ್ರಾಮ ಪಂಚಾಯಿತಿಗಳಲ್ಲಿ ಆರಂಭಿಸಿದ ‘ಕೂಸಿನ ಮನೆ’ ಶಿಶುಪಾಲನಾ ಕೇಂದ್ರಗಳು ಸರಿಯಾದ ದಾರಿ. ಅವುಗಳ ಆರೈಕೆದಾರರಿಗೆ ಪ್ರತಿ ತಿಂಗಳೂ ತಪ್ಪದೆ ಗೌರವದ ಸಂಬಳ ಕೊಡಿ, ನಗರದ ಕೊಳೆಗೇರಿಗಳಿಗೂ ಅವುಗಳನ್ನು ತನ್ನಿ, ಸಂಜೆ ಕೂಲಿ ಮುಗಿಯುವ ತನಕ ಬಾಗಿಲು ತೆರೆದಿಡಿ. ಕಲಿಯಲು ಬಯಸುವ ಗೃಹಲಕ್ಷ್ಮಿ ಫಲಾನುಭವಿಗೆ ತಾಲ್ಲೂಕು ಕೇಂದ್ರದಲ್ಲಿ ಒಬ್ಬ ಉದ್ಯೋಗ ಸಲಹೆಗಾರರನ್ನು ಕೊಡಿ. ಆಕೆ ಬಯಸಿ ಬರಬೇಕು, ಬಾರದಿದ್ದರೆ 2,000 ರೂಪಾಯಿ ನಿಲ್ಲಬಾರದು. ಕೆಲಸ ಸಿಕ್ಕಿದ ಮೇಲೂ ಅದು ನಿಲ್ಲಬಾರದು.