ಮೆಟ್ರೋ ಬರ್ಲಿ ಕಣ್ರಮ್ಮಾ, ಅದಕ್ಕೂ ಮುಂಚೆ ಆರು ಗಂಟೆ ಶಿಫ್ಟಿಗೊಂದು ಬಸ್ ಬರ್ಲಿ

ಈಗ ನಮ್ಮ ಕಡೆ ಯಾವ ಮದುವೆಗೆ ಹೋಗಿ, ಯಾವ ನಾಮಕರಣಕ್ಕೆ ಹೋಗಿ, ಊಟದ ಪಂಕ್ತೀಲಿ ಒಂದೇ ಮಾತು. ತುಮಕೂರಿಗೆ ಮೆಟ್ರೋ ಬರ್ತೈತಂತೆ! 2024ರ ರಾಜ್ಯ ಬಜೆಟ್ಟಲ್ಲಿ ಇದರ ಸಾಧ್ಯತಾ ವರದಿ ಮಾಡಿಸ್ತೀವಿ ಅಂದ್ರು. ಅದೇ ವರ್ಷ ನವೆಂಬರಲ್ಲಿ ಬೆಂಗಳೂರಿನ ಮೆಟ್ರೋ ನಾಗಸಂದ್ರದಿಂದ ಮಾದಾವರಕ್ಕೆ ಬಂತು. ಮಾದಾವರದಿಂದ ನಮ್ಮೂರಿಗೆ ಹೆಚ್ಚುಕಮ್ಮಿ 60 ಕಿಲೋಮೀಟರು, ಖರ್ಚು ಇಪ್ಪತ್ತು ಸಾವಿರ ಕೋಟಿಗೂ ಮೇಲೆ ಅಂತಾರೆ.

ನನಗೇನು ಮೆಟ್ರೋ ಮೇಲೆ ಹಗೆ ಇಲ್ಲ. ಬರ್ಲಿ, ನಾವೂ ತಣ್ಣಗೆ ಕೂತ್ಕೊಂಡು ಹೋಗಣ. ಆದ್ರೆ ಒಂದು ಮಾತು ಕೇಳ್ತೀನಿ. ನಮ್ಮ ಹೆಣ್ಮಕ್ಕಳು ದಿನಾ ಬೆಳಿಗ್ಗೆ ಎಲ್ಲಿಗೆ ಹೋಗ್ತಾವ್ರೆ? ಬೆಂಗಳೂರಿಗೆ ಹೋಗೋರು ಅವ್ರೆ, ಇಲ್ಲ ಅನ್ನಲ್ಲ. ಆದ್ರೆ ನಮ್ಮ ಹಳ್ಳಿಗಳಲ್ಲಿ ಈಗ ಹೆಚ್ಚು ಕೇಳೋ ಹೆಸರು ವಸಂತನರಸಾಪುರ. ಅದು ಬೆಂಗಳೂರಿನ ದಿಕ್ಕಲ್ಲಿ ಇಲ್ಲ, ತುಮಕೂರು ದಾಟಿ ಶಿರಾ ರಸ್ತೇಲಿ ಐತೆ. ಮೆಟ್ರೋ ತುಮಕೂರಿಗೆ ಬಂದು ನಿಂತ್ರೆ ಅಲ್ಲಿಂದಾಚೆಗೆ ಇವರು ಏನ್ ಮಾಡ್ಬೇಕು?

ವಸಂತನರಸಾಪುರ ಸಣ್ಣದಲ್ಲ. 2014ರ ಸೆಪ್ಟೆಂಬರಲ್ಲಿ ಪ್ರಧಾನಿಗಳು ಬಂದು ಅಲ್ಲಿ ಫುಡ್ ಪಾರ್ಕ್ ಉದ್ಘಾಟನೆ ಮಾಡಿದ್ರು. ಆಮೇಲೆ ಚೆನ್ನೈ-ಬೆಂಗಳೂರು ಕೈಗಾರಿಕಾ ಕಾರಿಡಾರಿಗೆ ಸೇರಿಸಿದ್ರು. ಮೂರು ಹಂತ ಸೇರಿ 8,484 ಎಕರೆ. 2020ರ ಡಿಸೆಂಬರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಾಗ ಸುಮಾರು 88,500 ಜನಕ್ಕೆ ಕೆಲಸ ಸಿಗ್ತದೆ ಅಂತ ಹೇಳ್ತು. ಅದರಲ್ಲಿ ಅರ್ಧ ಆದ್ರೂ ಸಿಗ್ಲಿ, ನಲವತ್ತು ಸಾವಿರ ಜನ ದಿನಾ ಹೋಗಿ ಬರೋದು ಹೆಂಗೆ ಅಂತ ಯಾರಾದ್ರೂ ಕೂತು ಲೆಕ್ಕ ಹಾಕ್ಬೇಕಲ್ವಾ? ರಸ್ತೆ, ನೀರು, ಕರೆಂಟು ಎಲ್ಲಾ ಲೆಕ್ಕ ಹಾಕ್ತಾರೆ. ಕೆಲಸಕ್ಕೆ ಬರೋಳು ಮನೆಯಿಂದ ಗೇಟಿಗೆ ಹೆಂಗೆ ಬರ್ತಾಳೆ ಅನ್ನೋದು ಮಾತ್ರ ಅವಳ ಹಣೆಬರಹ.

ಬೆಳಿಗ್ಗೆ ಆರು ಗಂಟೆ ಶಿಫ್ಟು ಅಂದ್ರೆ ಮನೇಲಿ ನಾಲ್ಕಕ್ಕೆ ಒಲೆ ಹತ್ತಬೇಕು. ಹೋಗೋಳು ಒಬ್ಬಳು, ಏಳೋರು ಇಬ್ಬರು. ಡಬ್ಬಿ ಕಟ್ಟೋದು ನಾವೇ ತಾನೇ. ಮಧ್ಯಾಹ್ನದ ಶಿಫ್ಟು ಮುಗಿಯೋದು ರಾತ್ರಿ ಹತ್ತಕ್ಕೆ, ಬಂದು ಸೇರೋ ತನಕ ಬಾಗಿಲಲ್ಲಿ ಕಣ್ಣಿಟ್ಕೊಂಡು ಕೂರೋದೂ ನಾವೇ. ನಮ್ಮ ಸಂಬಂಧದಲ್ಲೇ ಒಂದು ಹುಡುಗಿ ಅವಳೆ. ಕಂಪನಿ ಗಾಡಿ ಹೆದ್ದಾರಿ ಕ್ರಾಸಲ್ಲಿ ಇಳಿಸಿ ಹೋಗ್ತೈತೆ, ಊರು ಅಲ್ಲಿಂದ ಎರಡು ಮೈಲಿ. ಅವರಪ್ಪ ದಿನಾ ಟಿವಿಎಸ್ ತಗೊಂಡು ಹೋಗಿ ಕಾಯ್ತಾನೆ. ಮಳೆಗಾಲದಲ್ಲಿ ಅವನಿಗೆ ಜ್ವರ ಬಂತು. ನಾಲ್ಕು ದಿನ ಅವಳು ರಜ ಹಾಕಿದ್ಲು, ಐದನೇ ದಿನ ಕೆಲಸಾನೇ ಬಿಡ್ಸಿದ್ರು. ಸಂಬಳ ಸಾಲ್ದು ಅಂತಲ್ಲ, ಕೆಲಸ ಕಷ್ಟ ಅಂತಲ್ಲ, ಆ ಎರಡು ಮೈಲಿಗೋಸ್ಕರ. ಈಗ ಗಂಡು ನೋಡ್ತಾವ್ರೆ.

ಹೆಣ್ಮಗಳು ಕೆಲಸದಲ್ಲಿ ಉಳೀತಾಳೋ ಇಲ್ವೋ ಅನ್ನೋದನ್ನ ಎಷ್ಟೋ ಮನೇಲಿ ತೀರ್ಮಾನ ಮಾಡೋದು ರಾತ್ರಿ ಹತ್ತು ಗಂಟೆ ದಾರಿ. ರಾತ್ರಿ ಪಾಳಿಗೆ ಹೆಂಗಸರನ್ನ ಕರೆಯೋ ಕಾರ್ಖಾನೆ ಗಾಡಿ ವ್ಯವಸ್ಥೆ ಮಾಡ್ಬೇಕು ಅಂತ ನಿಯಮ ಐತೆ. ಆ ಗಾಡಿ ಕ್ರಾಸ್ ತನಕವೋ ಮನೆ ತನಕವೋ ಅಂತ ನೋಡೋರು ಬೇಕು.

ಶಕ್ತಿ ಯೋಜನೆ ಬಂತಲ್ಲ ಅಂತೀರಿ. ಬಂತು, 2023ರ ಜೂನ್ 11ರಿಂದ ಸಾಮಾನ್ಯ ಬಸ್ಸಲ್ಲಿ ನಮಗೆ ಟಿಕೆಟ್ ಕಾಸಿಲ್ಲ. ಒಳ್ಳೇದೇ ಆಯ್ತು, ತವರಿಗೆ ಹೋಗೋಕೆ ಯಾರ ಮುಂದೂ ಕೈ ಚಾಚೋ ಹಂಗಿಲ್ಲ. ಆದ್ರೆ ಬಸ್ಸೇ ಇಲ್ಲದ ಹೊತ್ತಲ್ಲಿ ಫ್ರೀ ಟಿಕೆಟ್ ಇಟ್ಕೊಂಡು ಏನ್ಮಾಡಣ? ಶಿರಾ, ಹಿರಿಯೂರು, ಚಿತ್ರದುರ್ಗದ ಬಸ್ಸುಗಳು ಹೆದ್ದಾರೀಲಿ ಭರ್ರ್ ಅಂತ ಹೋಗ್ತಾವೆ. ಅವು ಕಾರ್ಖಾನೆ ಗೇಟ್ ನೋಡ್ಕೊಂಡು ಓಡೋ ಬಸ್ಸಲ್ಲ.

ಗುಬ್ಬಿ ಕಡೆಯೋರ ಪಾಡು ಇನ್ನೊಂದು. ಮೊದ್ಲು ತುಮಕೂರಿಗೆ ಬರ್ಬೇಕು, ಅಲ್ಲಿ ಇಳಿದು ಇನ್ನೊಂದು ಬಸ್ ಹಿಡಿದು ಮತ್ತೆ ಉತ್ತರಕ್ಕೆ ಹೋಗ್ಬೇಕು, ಮೂಗು ಹಿಡಿಯೋಕೆ ತಲೆ ಸುತ್ತಿ ಕೈ ತಂದಂಗೆ. ಬೆಳ್ಳಾವಿ ಮೇಲೆ ಅಡ್ಡದಾರೀಲಿ ಶಿಫ್ಟಿಗೆ ಸರಿಯಾಗಿ ಬಸ್ ಬಿಟ್ರೆ ಎಷ್ಟು ಹೊತ್ತು ಉಳೀತದೆ! ಕುಣಿಗಲ್ಲಿಗೆ ರೈಲು ಐತೆ, ಆದ್ರೆ ಅದು ಬೆಂಗಳೂರು-ಹಾಸನದ ದಾರಿ, ತುಮಕೂರಿನ ಮುಖ ನೋಡಲ್ಲ. ಅವರಿಗೆ ಬಸ್ಸೇ ಗತಿ.

ರೈಲಿನ ವಿಷಯಾನೂ ಹೇಳ್ಬೇಕು. ತುಮಕೂರಿಂದ ಬೆಂಗಳೂರಿಗೆ ಪ್ಯಾಸೆಂಜರ್ ರೈಲಲ್ಲಿ ಇಪ್ಪತ್ತು ರೂಪಾಯಿ ಆಸುಪಾಸಲ್ಲಿ ಹೋಗ್ಬಹುದು. ಬೆಂಗಳೂರು ಮೆಟ್ರೋದಲ್ಲಿ 2025ರ ಫೆಬ್ರವರೀಲಿ ದರ ಏರಿಸಿ ಊರೊಳಗೇ ಒಂದು ಸಲಕ್ಕೆ 90 ರೂಪಾಯಿ ತನಕ ಮಾಡಿದ್ರು. ಅರವತ್ತು ಕಿಲೋಮೀಟರಿಗೆ ಎಷ್ಟಾದೀತು ಅಂತ ನೀವೇ ಲೆಕ್ಕ ಹಾಕಿ, ತಿಂಗಳ ಸಂಬಳದಲ್ಲಿ ಕಳೀರಿ. ಇರೋ ಹಳಿ ಮೇಲೆ ಬೆಳಿಗ್ಗೆ ಸಂಜೆ ಇನ್ನೊಂದೆರಡು ಮೆಮು ರೈಲು ಬಿಟ್ರೆ ಬೆಂಗಳೂರಿಗೆ ಹೋಗೋರಿಗೆ ಈಗಲೇ ಉಸಿರು ಬರ್ತೈತೆ. ಇನ್ನು ಶಿರಾ, ಹಿರಿಯೂರು, ಚಿತ್ರದುರ್ಗದ ಮೇಲೆ ದಾವಣಗೆರೆಗೆ ಹೋಗೋ ಹೊಸ ರೈಲು ದಾರಿಗೆ ಒಪ್ಪಿಗೆ ಸಿಕ್ಕಿದ್ದು 2011-12ರಲ್ಲಿ. ಆ ದಾರಿ ಶುರುವಾದಾಗ ಬರೀ ಎಕ್ಸ್‌ಪ್ರೆಸ್ ಓಡಿಸಿದ್ರೆ ನಮಗೇನು ಬಂತು? ಕಾರ್ಖಾನೆಗೆ ಹತ್ತಿರದ ನಿಲ್ದಾಣದಲ್ಲಿ ಶಿಫ್ಟಿನ ಹೊತ್ತಿಗೆ ರೈಲು ನಿಲ್ಲಬೇಕು, ರೈಲು ಇಳಿದೋರಿಗೆ ಅಲ್ಲೇ ಬಸ್ ಕಾದಿರಬೇಕು.

ಮೆಟ್ರೋ ಬಂದ್ರೆ ಜಮೀನಿಗೆ ಬೆಲೆ ಬರ್ತೈತೆ ಅನ್ನೋರೂ ಅವ್ರೆ. ಬರ್ತೈತೆ, ಜಮೀನು ಇರೋರಿಗೆ. ಬಾಡಿಗೆ ಮನೇಲಿ ಇರೋರಿಗೆ ಬಾಡಿಗೆ ಏರ್ತೈತೆ. ಬೆಂಗಳೂರಲ್ಲಿ ದುಡಿದು ಇಲ್ಲಿ ಬರೀ ಮಲಗೋಕೆ ಬರೋ ಊರು ನಮಗೆ ಬೇಕಾ, ಇಲ್ಲೇ ದುಡಿದು ಇಲ್ಲೇ ಉಣ್ಣೋ ಊರು ಬೇಕಾ ಅಂತ ಯೋಚನೆ ಮಾಡಿ.

ನಾನು ಓದಿರೋದು ಪಿಯುಸಿ, ನಕ್ಷೆ ಬರೆಯೋಕೆ ಬರಲ್ಲ. ಆದ್ರೆ ಮನೇಲಿ ಅಡುಗೆ ಮಾಡೋವಾಗ ಮೊದ್ಲು ಉಣ್ಣೋರು ಎಷ್ಟು ಜನ, ಯಾರು ಯಾವ ಹೊತ್ತಿಗೆ ಬರ್ತಾರೆ ಅಂತ ನೋಡ್ತೀವಿ, ಆಮೇಲೆ ಅಕ್ಕಿ ಅಳೀತೀವಿ. ಸಾರಿಗೆಗೂ ಅಷ್ಟೇ. ಯಾವ ಊರಿಂದ ಎಷ್ಟು ಜನ, ಯಾವ ಗೇಟಿಗೆ, ಎಷ್ಟು ಗಂಟೆಗೆ ಅಂತ ಕಾರ್ಖಾನೆಗಳ ಹಾಜರಿ ಪುಸ್ತಕ ನೋಡಿದ್ರೆ ಒಂದು ವಾರದಲ್ಲಿ ಗೊತ್ತಾಗ್ತೈತೆ. ಅದಕ್ಕೆ ಇಪ್ಪತ್ತು ಸಾವಿರ ಕೋಟಿ ಬೇಕಾಗಿಲ್ಲ.

ಅದಕ್ಕೇ ಅಕ್ಕಂದಿರೇ, ಅತ್ತಿಗೆಯೋರೇ, ಮುಂದಿನ ಗ್ರಾಮಸಭೆಗೆ ಹೋದಾಗ ಚರಂಡಿ, ಬೀದಿದೀಪದ ಜೊತೆ ಇದನ್ನೂ ಕೇಳಿ. ನಿಮ್ಮೂರಿಂದ ಕಾರ್ಖಾನೆ ಕೆಲಸಕ್ಕೆ ಹೋಗೋ ಹೆಣ್ಮಕ್ಕಳ ಹೆಸರು, ಹೋಗೋ ಹೊತ್ತು, ಬರೋ ಹೊತ್ತು ಒಂದು ಹಾಳೇಲಿ ಬರೆದು ಎಲ್ಲರ ಸಹಿ ಹಾಕ್ಸಿ ಕೊಡಿ, ಒಂದು ಪ್ರತಿ ಡಿಪೋ ಮ್ಯಾನೇಜರಿಗೂ ಕಳಿಸಿ. ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗ್ತೈತೆ, ಬರೆದು ಕೊಟ್ಟಿದ್ದಕ್ಕೆ ಅವರು ಉತ್ತರ ಹೇಳ್ಬೇಕಾಗ್ತೈತೆ.